ಅಧ್ಯಕ್ಷರ ಕೊಡೆ

ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಹೊರಟ ಅಧ್ಯಕ್ಷರ ಕೈ ಬಾಗಿಲ ಹಿಂದಿನ ಗೂಟದತ್ತ ಹೋಯಿತು. ಅಡುಗೆಮನೆಯಿಂದ ಹೆಂಡತಿ ಕೂಗಿದರು: "ರೀ, ಮುಟ್ಟಬೇಡಿ! ಅದೀಗ ಅವನ ಗುರುತು."

ಗೂಟದಲ್ಲಿದ್ದದ್ದು ಕಪ್ಪು ಕೊಡೆ. ಮೂವತ್ತು ವರ್ಷಗಳಲ್ಲಿ ಆರು ಪಂಚಾಯಿತಿ ಚುನಾವಣೆಗಳನ್ನು ಅವರು ಕೊಡೆ ಚಿಹ್ನೆಯಲ್ಲೇ ಗೆದ್ದಿದ್ದರು. ಅಧ್ಯಕ್ಷರಾಗಿದ್ದು ಒಂದೇ ಅವಧಿಗೆ. ಊರು ಮಾತ್ರ ಹಾಗೆ ಕರೆಯುವುದನ್ನು ಬಿಡಲಿಲ್ಲ. ಕೊಡೆಯ ತುದಿಯಿಂದ ಅವರು ಚರಂಡಿಯ ಆಳ ಅಳೆಯುತ್ತಿದ್ದರು. ಒಮ್ಮೆ ಹಿಡಿಯ ಕೊಕ್ಕೆಯಿಂದ ಗುಂಡಿಗೆ ಬಿದ್ದ ಕೋಳಿಯನ್ನು ಎತ್ತಿದರು. ಆ ಕೋಳಿಯ ಮನೆಯ ಒಂಬತ್ತು ಓಟು ಅಂದಿನಿಂದ ಅವರವೇ.

ಈ ಸಲದ ಎದುರಾಳಿ, ಇಷ್ಟು ವರ್ಷ ಅದೇ ಕೊಡೆಯ ಕಡ್ಡಿ ಸರಿಮಾಡಿಕೊಟ್ಟ ರಿಪೇರಿಯವನು. ಅವನೂ ಕೊಡೆಯನ್ನೇ ಕೇಳಿದ. ಚುನಾವಣಾಧಿಕಾರಿ ಚೀಟಿ ಎತ್ತಿದರು. ಕೊಡೆ ಅವನ ಪಾಲಾಯಿತು, ಅಧ್ಯಕ್ಷರಿಗೆ ಬಾಚಣಿಗೆ ಬಂತು. ಅವರ ತಲೆ ಬೋಳಾಗಿ ಇಪ್ಪತ್ತು ವರ್ಷವಾಗಿತ್ತು.

ಹಿಂದೆ ತಾವೇ ನಲವತ್ತು ಗೋಡೆಗಳ ಮೇಲೆ ಬರೆಸಿದ್ದ ಕೊಡೆಗಳಿಗೆ ಸುಣ್ಣ ಬಳಿಸಿದರು. ಎರಡು ಸಲ ಬಳಿದರೂ ಕಪ್ಪು ಇಣುಕಿತು. ಬರಿಗೈಯಲ್ಲಿ ಪ್ರಚಾರಕ್ಕೆ ಹೊರಟ ಮೊದಲ ದಿನವೇ ರಿಪೇರಿಯವನು ಅಂಗಡಿಯಿಂದ ಕೂಗಿದ: "ಯಜಮಾನ್ರೇ, ಬಿಸಿಲು ಜಾಸ್ತಿ. ಕೊಡೆ ಕೊಡ್ಲಾ?"

"ನೀನು ಮೊದ್ಲು ತಲೆ ಬಾಚ್ಕೊಳ್ಳೋ!"

"ಬಾಚಣಿಗೆ ನಿಮ್ಮ ಹತ್ರ ಸುಮ್ನೆ ಬಿದ್ದಿದೆಯಲ್ಲ, ಈ ಕಡೆ ಕೊಡಿ!"

ಪಕ್ಕದ ಮನೆಯ ಅಜ್ಜಿಗೆ ಅವರು ಮೂರು ದಿನ ಪಾಠ ಹೇಳಿದರು. "ಅಜ್ಜಿ, ಕೊಡೆ ಮರೆತುಬಿಡು. ಬಾಚಣಿಗೆ ಒತ್ತು."

"ಆಯ್ತಪ್ಪ, ನಿಂಗಲ್ದೆ ಇನ್ಯಾರಿಗೆ ಹಾಕ್ಲಿ? ಕೊಡೆಗೇ ಒತ್ತೀನಿ."

ಏಳನೆಯ ಗೆಲುವು ಕೈತಪ್ಪುತ್ತದೆಂಬ ದಿಗಿಲು ಅವರಿಗೆ ಹತ್ತಿದ್ದೇ ಆಗ.

ಮತಗಟ್ಟೆಯಿಂದ ಅವರು ಬೆರಳನ್ನೇ ನೋಡುತ್ತಾ ಹೊರಬಂದರು.

"ಯಾಕ್ರೀ, ಮುಖ ಹೀಗಾಗಿದೆ?" ಎಂದರು ಹೊರಗೆ ಕಾಯುತ್ತಿದ್ದ ಹೆಂಡತಿ.

"ಬೆರಳು ಅದರಷ್ಟಕ್ಕೇ ಹೋಯ್ತು ಕಣೇ."

"ಎಲ್ಲಿಗೆ?"

"ಮೂವತ್ತು ವರ್ಷದ ಅಭ್ಯಾಸ..."

"ಅಯ್ಯೋ ನನ್ನ ಕರ್ಮವೇ! ಆ ಅಜ್ಜಿಗೆ ಮೂರು ದಿನ ಪಾಠ ಹೇಳಿದ್ದು ಯಾರ್ರೀ?"

ಬುಧವಾರ ಎಣಿಕೆಯಾಯಿತು. ಅಧ್ಯಕ್ಷರು ಹನ್ನೊಂದು ಓಟಿನಿಂದ ಸೋತರು. ಮರುದಿನ ಬೆಳಿಗ್ಗೆ ಏಳಕ್ಕೆ ಗೂಟದಿಂದ ಕೊಡೆ ತೆಗೆದುಕೊಂಡರು. ಬೇಡವೆನ್ನಲು ಹೆಂಡತಿಗೂ ಈಗ ಕಾರಣವಿರಲಿಲ್ಲ. ಬಿಚ್ಚಿ ನೋಡಿದರೆ ಒಂದು ಕಡ್ಡಿ ಮುರಿದಿತ್ತು. ರಿಪೇರಿಯವನು ಪ್ರಮಾಣವಚನ ಮುಗಿಸಿ ಬರುವ ಸೋಮವಾರದವರೆಗೆ ಅಂಗಡಿ ತೆರೆಯುವುದಿಲ್ಲ.