ಮಹಾನಂದಾ ಹೇಳದೆ ಬಿಟ್ಟ ಸ್ಟಾಪು

ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ನಮ್ಮ ವಸ್ತಿ. ತೋಟದಲ್ಲೇ ಮನೆ ಕಟ್ಟಿಕೊಂಡು ಇದ್ದರೆ ಅದಕ್ಕೆ ನಮ್ಮ ಕಡೆ ವಸ್ತಿ ಅನ್ನುತ್ತೇವೆ. ನನ್ನ ಹೆಸರು ಭಾಗಪ್ಪ. ನನ್ನ ವಸ್ತಿಗಿಂತ ಮೊದಲು ಸಿಗುವುದು ಅಮೋಘಸಿದ್ದನ ವಸ್ತಿ. ಮಹಾನಂದಾ ಅವನ ಹೆಂಡತಿ. ಇದು ಅವಳ ಕಥೆ. ಹೇಳುವಾಗ ನನಗೆ ಸಿಟ್ಟು ಬಂದರೆ ಬರಲಿ ಬಿಡಿ, ಅದು ನನ್ನ ಹುಟ್ಟುಗುಣ.

ಮಹಾನಂದಾ ಅಂಜುವ ಹೆಣ್ಣಲ್ಲ. ಕುರಿಹಟ್ಟಿಗೆ ತೋಳ ಬಂದಾಗ ಒಬ್ಬಳೇ ಬಡಿಗೆ ಹಿಡಿದು ನಿಂತವಳು. ಹಾವು ಕಂಡರೆ ಗಂಡಸರನ್ನು ಕರೆಯುವುದಿಲ್ಲ. ಆದರೆ ಗಂಡನ ಹೆಸರು ಹೇಳು ಅಂದರೆ ಬೆವರುತ್ತಾಳೆ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆ ಆಗುತ್ತದೆ ಅಂತ ಅವಳ ಅವ್ವ ತಲೆಯಲ್ಲಿ ತುಂಬಿದ್ದಳು. ಅವರ ಮನೆದೇವರ ಹೆಸರೂ ಅದೇ ಆದದ್ದರಿಂದ ದೇವರನ್ನು ಕೂಡ 'ನಮ್ಮ ಗುಡ್ಡದಪ್ಪ' ಅನ್ನುತ್ತಿದ್ದಳು. ಮದುವೆಯಲ್ಲಿ ಹೆಣ್ಣುಮಕ್ಕಳು ಬಾಗಿಲು ತಡೆದು ಕಾಡಿದಾಗ ಒಂದು ಒಡಪು ಕಟ್ಟಿ, ಅದರೊಳಗೆ ಹೆಸರು ಅಡಗಿಸಿ ಹೇಳಿದ್ದಳಂತೆ. ಅದೊಂದೇ ಸಲ.

ಎರಡನೆಯ ಸಲ ಹೇಳಿದ್ದು ವಿಜಯಪುರದ ಬ್ಯಾಂಕಿನಲ್ಲಿ. ಗಾಜಿನಾಚೆ ಕುಳಿತವನು ನಿಮ್ಮ ಬಾಯಿಂದಲೇ ಹೇಳಬೇಕೆಂದು ಹಟ ಹಿಡಿದ. ಹೇಳಿದಳು. ಮರುದಿನ ಬೆಳಿಗ್ಗೆ ಅಮೋಘಸಿದ್ದನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಬಿಪಿ ಗುಳಿಗೆ ಬಿಟ್ಟದ್ದಕ್ಕೆ ಹೀಗಾಯಿತೆಂದು ಡಾಕ್ಟರು ಹೇಳಿದರು. ಇವಳು ಕೇಳಬೇಕಲ್ಲ!

"ನಾನ ಹೊಡದೆ ಕಾಕಾ ಅವರನ್ನ," ಎಂದು ನನ್ನ ಮುಂದೆ ಗಳಗಳ ಅತ್ತಳು.

"ಹುಚ್ಚಿ ಅದೀಯೇನ್ ಬೇ? ಗುಳಿಗಿ ಬಿಟ್ಟು ಉಪ್ಪಿನಕಾಯಿ ತಿಂದಾನ ಅಂವ," ಎಂದು ಬೈದೆ. ಬೈದರೆ ಅಂಜಿಕೆ ಹೋಗುತ್ತದೆಯೇ?

ಇದಾದ ಮೇಲೆ ಬಸ್ಸಿನವರ ಕಡೆಯಿಂದ ಅನುರಾಧಾ ಎಂಬ ಹುಡುಗಿ ಟ್ಯಾಬ್ ಹಿಡಿದು ರಸ್ತೆಗುಂಟ ಬಂದಳು. ಬಸ್ಸು ನಿಜವಾಗಿ ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲೆಲ್ಲ ನಕ್ಷೆಯಲ್ಲಿ ಗುರುತು ಹಾಕಿ ಹೆಸರು ಬರೆದುಕೊಳ್ಳುವ ಕೆಲಸ ಆಕೆಯದು. ಮುಂದೆ ಬಸ್ಸಿಗೆ ಜಿಪಿಎಸ್ ಕೂಡಿಸುತ್ತಾರೆ, ಬಸ್ಸೇ ಬಾಯಿಬಿಟ್ಟು ಸ್ಟಾಪಿನ ಹೆಸರು ಹೇಳುತ್ತದೆ, ಎಲ್ಲಿ ಬರುತ್ತಿದೆ ಎಂದು ಫೋನಿನಲ್ಲಿ ಕಾಣುತ್ತದೆ ಅಂದಳು. ಒಳ್ಳೆಯ ಕೆಲಸವೇ, ನಾನು ತಪ್ಪು ಅನ್ನುವುದಿಲ್ಲ. ಆದರೆ ಅಮೋಘಸಿದ್ದನ ವಸ್ತಿಯ ಬೇವಿನ ಗಿಡದ ಕೆಳಗೆ ಆಕೆಗೆ ಸಿಕ್ಕವಳು ಮಹಾನಂದಾ.

"ಈ ಸ್ಟಾಪಿಗೆ ಏನಂತಾರ್ರಿ ಅವ್ವಾರ?"

ಎಲ್ಲರೂ ಅನ್ನುವುದು ಅಮೋಘಸಿದ್ದನ ವಸ್ತಿ ಎಂದೇ. ಇವಳಿಗೆ ಬಾಯಿ ಏಳಲಿಲ್ಲ. ಸೆರಗನ್ನು ತುಟಿಗೆ ಒತ್ತಿಕೊಂಡು, "ಭಾಗಪ್ಪನ ವಸ್ತಿ ಅಂತ ಬರಕೋರಿ," ಅಂದುಬಿಟ್ಟಳು. ಆ ಹುಡುಗಿ ಮುಂದೆ ನನ್ನ ಗೇಟಿಗೆ ಬಂದು ಕೇಳಿದಳು. "ಇದ ನೋಡ್ರಿ ಭಾಗಪ್ಪನ ವಸ್ತಿ," ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಒಂದೇ ಹೆಸರು ಎರಡು ಕಡೆ ಬಂತಲ್ಲ ಎಂದು ಆಕೆ ಹಿಂದಿನ ಗುರುತು ಅಳಿಸಿದಳು. ಹೀಗೆ ಅಮೋಘಸಿದ್ದನ ಸ್ಟಾಪು ನಕ್ಷೆಯಿಂದ ಹೋಯಿತು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಯಾಕೆಂದರೆ ಹಳೆಯ ಕಂಡಕ್ಟರ್ ಅಬ್ದುಲಸಮದ ಮೊದಲಿನಂತೆಯೇ ಬೇವಿನ ಗಿಡ ಬಂದಾಗ ಗಂಟೆ ಹೊಡೆಯುತ್ತಿದ್ದ.

ಮಂಗಳವಾರಕ್ಕೊಮ್ಮೆ ಅಮೋಘಸಿದ್ದ ಕೈಕಾಲಿನ ವ್ಯಾಯಾಮಕ್ಕೆ ವಿಜಯಪುರಕ್ಕೆ ಹೋಗಬೇಕು. ಇಲ್ಲಿ ಮಹಾನಂದಾ ಬಸ್ಸು ಹತ್ತಿಸುತ್ತಿದ್ದಳು. ಅಲ್ಲಿಯ ಇಬ್ರಾಹಿಂಪುರದಲ್ಲಿರುವ ಮಗಳು ನಂದಾ ಇಳಿಸಿಕೊಂಡು, ಸಂಜೆ ತಿರುಗಿ ಹತ್ತಿಸುತ್ತಿದ್ದಳು. ಮನೆಯ ಮುಂದೆ ಇಳಿಸುವುದು ಅಬ್ದುಲಸಮದನ ಹೊಣೆ. ಲಕ್ವಾದ ಮೇಲೆ ಅಮೋಘಸಿದ್ದನಿಗೆ ಆಗಾಗ ದಿಕ್ಕು ತಪ್ಪುತ್ತಿತ್ತು, ಒಬ್ಬನನ್ನೇ ಬಿಡುವಂತಿರಲಿಲ್ಲ. ಒಮ್ಮೆ ಮನೆಯಿಂದ ಎದ್ದು ಹೋದವನು ಕಾಲುವೆ ದಂಡೆಯಲ್ಲಿ ಸಿಕ್ಕಿದ್ದ, ಒಂದು ಕಾಲು ನೀರಿನೊಳಗೆ. ಅಂದಿನಿಂದ ಕಾಲುವೆಗೆ ನೀರು ಬಿಟ್ಟರೆ ಸಾಕು, ಮಹಾನಂದಾಳ ನಿದ್ದೆ ಹಾರಿಹೋಗುತ್ತಿತ್ತು.

ಈ ಚಳಿಗಾಲದಲ್ಲಿ ಅಬ್ದುಲಸಮದ ನಿವೃತ್ತನಾದ. ಅಷ್ಟರಲ್ಲಿ ಬಸ್ಸಿಗೆ ಜಿಪಿಎಸ್ ಬಂದಿತ್ತು, ಹೊಸ ಕಂಡಕ್ಟರ್ ಬಸ್ಸು ಹೆಸರು ಹೇಳಿದ ಕಡೆಯಷ್ಟೇ ಗಂಟೆ ಹೊಡೆಯುವವನು. ಕಂಡಕ್ಟರ್ ಬದಲಾದದ್ದು ತಿಳಿಯದ ನಂದಾ ಮರುವಾರ ಎಂದಿನಂತೆ ಅಪ್ಪನನ್ನು ಹತ್ತಿಸಿ ಕಳಿಸಿದಳು. ಹೊತ್ತು ಮುಳುಗುವಾಗ, ಮಹಾನಂದಾ ಬರಿಗಾಲಿನಲ್ಲಿ ನನ್ನ ಅಂಗಳಕ್ಕೆ ಓಡಿಬಂದಳು.

"ಕಾಕಾ! ಬಸ್ ನಿಂದರಲಿಲ್ಲ ಕಾಕಾ! ಕಿಡಕ್ಯಾಗ ಅವರನ್ನ ನೋಡಿದೆ. ಎಡಗೈಲೆ ಗಾಜು ಬಡ್ಯಾಕತ್ತಿದ್ರು!"

ನನ್ನ ಗೇಟಿನ ಮುಂದೆಯೂ ಬಸ್ಸು ನಿಂತಿರಲಿಲ್ಲ. ಇಳಿಯುವವರಿಲ್ಲ, ಹತ್ತುವವರಿಲ್ಲ, ಯಾಕೆ ನಿಂತೀತು? ಫೋನು ತೆಗೆದೆ. ನಕ್ಷೆಯಲ್ಲಿ ಬಸ್ಸಿನ ಗುರುತು ಬಬಲೇಶ್ವರದ ಕಡೆ ಸರಿಯುತ್ತಿತ್ತು. ಸ್ಟ್ಯಾಂಡಿನಲ್ಲಿ ಹಿಡಿದರಾಯಿತು ಅಂದುಕೊಳ್ಳುವಷ್ಟರಲ್ಲಿ ಅದು ನಿಂತಿತು. ಕಾಲುವೆಯ ಸೇತುವೆ ಮೇಲೆ. ಅಲ್ಲಿ ಯಾವ ಸ್ಟಾಪೂ ಇಲ್ಲ.

"ಯಾಕ ನಿಂತದ ಕಾಕಾ? ಅಲ್ಯಾಕ ನಿಂತದ?"

ಕಾಲುವೆ ಆ ವಾರವೆಲ್ಲ ತುಂಬಿ ಹರಿಯುತ್ತಿತ್ತು. ಗಾಡಿ ಚಾಲೂ ಮಾಡಿ ಅವಳನ್ನು ಹಿಂದೆ ಕೂಡಿಸಿಕೊಂಡೆ. ದಾರಿಯುದ್ದಕ್ಕೂ ಅವಳ ಉಗುರುಗಳು ನನ್ನ ಹೆಗಲಿಗೆ ನಾಟಿದ್ದವು.

ಸೇತುವೆಯ ಮೇಲೆ ಹೊಸ ಕಂಡಕ್ಟರ್ ಸಂಗು ಬೆಪ್ಪಾಗಿ ನಿಂತಿದ್ದ. "ಬಾಳ ಬಡದ್ರರಿ ಅಜ್ಜಾರು. ವಾಂತಿ ಬಂತೇನೋ ಅಂತ ನಿಲ್ಲಿಸಿ ಬಾಗಲಾ ತಗದ್ನಿ, ಇಳದು ಹೊಂಟ ಬಿಟ್ರು. ಎಲ್ಲಿ ಇಳೀತೀರಿ ಅಂತ ಕೇಳಿದ್ರ ಹೇಳವಲ್ರು."

"ಅಂವಗ ಮಾತ ಬರಂಗಿಲ್ಲಲೇ!" ಎಂದು ಕಿರುಚಿದೆ.

ಕಾಲುವೆಯ ದಂಡೆಗುಂಟ ಅಮೋಘಸಿದ್ದ ಒಂದು ಕಾಲು ಎಳೆದುಕೊಂಡು ದಡದಡ ಹೋಗುತ್ತಿದ್ದ. ಹಿಂದೆ ಇಬ್ಬರು ಪ್ರಯಾಣಿಕರು ಫೋನಿನ ಬೆಳಕು ಹಿಡಿದು "ನಿಂದರ್ರಿ, ನಿಂದರ್ರಿ" ಎಂದು ಕೂಗುತ್ತಿದ್ದರು. ಅವರು ಕೂಗಿದಷ್ಟೂ ಅವನು ಹೆದರಿ ಅಂಚಿಗೆ ಸರಿಯುತ್ತಿದ್ದ. ನಾನು ಹೆಸರು ಹಿಡಿದು ಕೂಗಿದೆ. ನನ್ನದೂ ಬೆನ್ನತ್ತಿದವರ ಗದ್ದಲವೇ ಆಯಿತು ಅವನಿಗೆ. ಹತ್ತಿರ ಹೋಗಲು ನನಗೇ ಧೈರ್ಯ ಬರಲಿಲ್ಲ. ಕೈಚಾಚಿದರೆ ಬಿದ್ದೇ ಬಿಡುತ್ತಾನೆ ಅನ್ನಿಸಿತು.

"ಏನ್ರೀ... ಏನ್ರೀ, ನಾನ್ರೀ!" ಎಂದು ಮಹಾನಂದಾ ಕೂಗಿದಳು. ನೀರಿನ ಸಪ್ಪಳದಲ್ಲಿ ಅದು ಎಲ್ಲಿ ಕೇಳಬೇಕು? ಅವನ ಕಾಲ ಕೆಳಗಿನ ಮಣ್ಣಿನ ಹೆಂಟೆ ಕುಸಿದು ನೀರಿಗೆ ಬಿತ್ತು.

ಮಹಾನಂದಾ ನನ್ನ ಕಡೆ ತಿರುಗಿದಳು. ಅಂಥ ಮುಖ ಮತ್ತೆ ನೋಡುವುದು ಬೇಡ, ಯಪ್ಪಾ.

"ಹೇಳಿದ್ರ ಸಾಯ್ತಾರ ಕಾಕಾ."

"ಹೇಳದಿದ್ರ ಈಗ ಸಾಯ್ತಾನ. ಕೂಗ್ ಬೇ!"

"ಅಮೋಘಸಿದ್ದಾ!"

ಒಡಪಿಲ್ಲ, ಸೆರಗಿಲ್ಲ. ಗಂಟಲು ಹರಿಯುವಂತೆ ಕೂಗಿದಳು. ಹಿಂದೆ ಓಡುತ್ತಿದ್ದವರು ನಿಂತರು. ಅವನೂ ನಿಂತ. ಮೆಲ್ಲಗೆ ಹೊರಳಿ, ಹೀಗೆ ಕರೆದವರು ಯಾರು ಎಂಬಂತೆ ನೋಡಿದ. ಅವಳು ಹೋಗಿ ಎಡಗೈ ಹಿಡಿದು ಅಂಚಿನಿಂದ ಈಚೆಗೆ ತಂದಳು. ನೆಲದ ಮೇಲೆ ಕೂಡಿಸಿ, ಅವನ ಎದೆಯ ಮೇಲೆ ಅಂಗೈ ಇಟ್ಟು ತಾನೂ ಕೂತಳು. ಏಳೆಂದರೆ ಏಳಲಿಲ್ಲ. ಹೆಸರು ಹೇಳಿದ್ದಕ್ಕೆ ಆ ಎದೆ ಬಡಿಯುವುದು ಈಗ ನಿಲ್ಲುತ್ತದೆ ಎಂದು ಕಾಯುತ್ತಿದ್ದಳು.

ಮರುದಿನ ಅನುರಾಧಾಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಪಾಪ, ಎದುರಾಡದೆ ಬಂದು ಬೇವಿನ ಗಿಡದ ಕೆಳಗೆ ನಿಂತು ಗುರುತು ಹಾಕಿದಳು. ಹೆಸರು ಕೇಳಿದಾಗ ಮಹಾನಂದಾ ನನ್ನ ಕಡೆ ಕೈ ತೋರಿಸಿದಳು. ನಾನೇ ಹೇಳಿದೆ.

ಈಗ ಬಸ್ಸು ದಿನವೂ ಅಲ್ಲಿ ನಿಲ್ಲುತ್ತದೆ. ಬಾಗಿಲು ತೆರೆದರೆ ಒಳಗಿನ ಸ್ಪೀಕರು ಹೇಳುವುದು ಅವರ ಅಂಗಳದ ತನಕ ಕೇಳುತ್ತದೆ: 'ಅಮೋಘಸಿದ್ದನ ವಸ್ತಿ.'

"ಹೆಣ್ಣ ಧ್ವನಿ ಅದ ಕಾಕಾ ಅದು," ಅಂದಳು ಒಂದು ದಿನ. "ದಿನಾ ಅವರ ಹೆಸರ ಹಿಡದು ಕರೀತದ."

ಬೈಯಬೇಕೆಂದು ಬಾಯಿ ತೆರೆದವನು ಅವಳ ಅಂಗಳದ ಕಡೆ ನೋಡಿದೆ. ಅಂಗಳದ ಹೊರಸಿನ ಮೇಲೆ ಕೂತ ಅಮೋಘಸಿದ್ದ ಆ ಕರೆ ಕೇಳಿದಾಗಲೆಲ್ಲ ಹಾಜರಿ ಹೇಳುವ ಸಾಲಿ ಹುಡುಗರ ಹಾಗೆ ಎಡಗೈ ಎತ್ತುತ್ತಾನೆ. ಆ ಕೈ ಮೇಲೆ ಏಳುವವರೆಗೆ ಮಹಾನಂದಾ ಕೆಲಸ ಬಿಟ್ಟು ಅವನನ್ನೇ ನೋಡುತ್ತ ನಿಂತಿರುತ್ತಾಳೆ, ಉಸಿರು ಬಿಡದೆ.