ಇನ್ನೊಂದು ಸ್ವಲ್ಪ ಬಿಗಿ

ಲೋಕದ ಮೇಲೆ ನನ್ನ ಭಾವನಿಗಿದ್ದ ದೂರು ಒಂದೇ: ಯಾರೂ ಯಾವುದನ್ನೂ ಸರಿಯಾಗಿ ಬಿಗಿ ಮಾಡುವುದಿಲ್ಲ. ಅವರು ಮುಚ್ಚಿಟ್ಟ ಉಪ್ಪಿನಕಾಯಿ ಬಾಟಲಿ ತೆರೆಯಲು ನನ್ನ ಅಕ್ಕ ನೆರೆಮನೆಯವರನ್ನು ಕರೆಯಬೇಕಿತ್ತು. ಅವರು ನಿಲ್ಲಿಸಿದ ನಲ್ಲಿಯನ್ನು ಮತ್ತೆ ತಿರುಗಿಸಲು ಅವರೇ ಬರಬೇಕಿತ್ತು. ಎಂಜಿನಿಯರಿಂಗ್ ಓದಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ನೋಡುವ ಕೆಲಸಕ್ಕೆ ಸೇರಿದ್ದವರು. ಓದಿದ್ದೆಲ್ಲ ಖರ್ಚಾಗದೆ ಕೈಯಲ್ಲೇ ಉಳಿದು, ಭಾನುವಾರ ಬಂತೆಂದರೆ ತುರಿಸುತ್ತಿತ್ತು.

ನಾನಾಗ ದೆಹಲಿಯಲ್ಲಿ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಹುಡುಗಿಯರ ಹಾಸ್ಟೆಲ್ಲಿನ ಊಟ ಸೇರದೆ ಆರ್.ಕೆ.ಪುರಂನ ಅಕ್ಕನ ಕ್ವಾರ್ಟರ್ಸ್‌ನಲ್ಲೇ ಹೆಚ್ಚು ದಿನ ಬಿದ್ದಿರುತ್ತಿದ್ದೆ. ಮೆಟ್ರೋ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಹಾಗಾಗಿ ಭಾವ ಕೊಂಡ ಹಳೆಯ ಬಿಳಿ ಕಾರಿಗೆ ಮನೆಯಲ್ಲಿ ದೊಡ್ಡ ಮರ್ಯಾದೆ. ಅದನ್ನು ಮೆಕ್ಯಾನಿಕ್ಕಿನ ಕೈಗೆ ಕೊಡಲು ಮಾತ್ರ ಅವರಿಗೆ ಮನಸ್ಸಿರಲಿಲ್ಲ. "ಅವರು ಬಿಗಿನೇ ಮಾಡಲ್ಲ," ಅನ್ನುತ್ತಿದ್ದರು.

ಚಳಿಗಾಲದ ಒಂದು ಭಾನುವಾರ ಎಂಜಿನ್ ಆಯಿಲ್ ತಾವೇ ಬದಲಾಯಿಸುತ್ತೇನೆಂದು ಲುಂಗಿ ಕಟ್ಟಿ ಕಾರಿನಡಿಗೆ ನುಸುಳಿದರು. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ ಒಂದು ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿದರೆ ಹಳೆಯ ಆಯಿಲ್ ಇಳಿದುಹೋಗುತ್ತದೆ. ಅದನ್ನು ಹಿಡಿಯಲು ಅಕ್ಕನ ಹಳೆಯ ಹಿಟ್ಟಿನ ಪಾತ್ರೆ ಹಿಡಿದು ನಾನೂ ಪಕ್ಕದಲ್ಲಿ ಮಲಗಿದ್ದೆ. ಇಳಿಸುವುದೇನೋ ಸುಗಮವಾಗಿ ಮುಗಿಯಿತು. ಬೋಲ್ಟ್ ಹಾಕುವಾಗ ಭಾವ ಸ್ಪ್ಯಾನರಿನ ತುದಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿದರು.

"ಸಾಕು ಭಾವ," ಅಂದೆ.

"ಇನ್ನೊಂದು ಸ್ವಲ್ಪ."

ಇನ್ನೊಂದು ಸ್ವಲ್ಪಕ್ಕೆ ಪೈಪು ಇದ್ದಕ್ಕಿದ್ದಂತೆ ಹಗುರವಾಗಿ ಗಿರ್ರನೆ ತಿರುಗಿತು. ಭಾವ ಪೈಪು ಕೆಳಗಿಟ್ಟು, "ಕೂತಿತು," ಅಂದರು.

"ಕೂತಿಲ್ಲ ಭಾವ, ಮಲಗಿದೆ," ಅಂದೆ. ಬೋಲ್ಟನ್ನು ಬೆರಳಲ್ಲಿ ಹಿಡಿದೆಳೆದರೆ ಹಾಲು ಹಲ್ಲಿನಂತೆ ಕೈಗೆ ಬಂತು. ತೂತಿನೊಳಗೆ ಬೋಲ್ಟ್ ಕಚ್ಚಿಕೊಳ್ಳುವ ಥ್ರೆಡ್ಡೆಲ್ಲ ಕಿತ್ತು ಸುರುಳಿ ಸುರುಳಿಯಾಗಿ ಅದಕ್ಕೇ ಸುತ್ತಿಕೊಂಡಿತ್ತು.

ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ ಎದುರು ಮನೆಯ ನಿವೃತ್ತ ಅಂಕಲ್ ಎದ್ದು ಬಂದು ಬಗ್ಗಿ ನೋಡಿ, ಸಾವಿನ ಸುದ್ದಿ ಹೇಳುವ ದನಿಯಲ್ಲಿ, "ಚೂಡಿ ಮರ್ ಗಯೀ," ಅಂದರು. ಹಿಂದಿಯಲ್ಲಿ ಬೋಲ್ಟಿನ ಥ್ರೆಡ್ಡಿಗೂ ಚೂಡಿ ಅನ್ನುತ್ತಾರೆ, ಬಳೆಗೂ ಚೂಡಿ ಅನ್ನುತ್ತಾರೆ. ಮೇಲೆ ಬಾಲ್ಕನಿಯಲ್ಲಿ ಭಾವನ ಅಮ್ಮ ಇದ್ದರು. ಚಳಿಗಾಲ ಕಳೆಯಲು ಊರಿಂದ ಬಂದಿದ್ದ ಅವರಿಗೆ ಬಳೆ ಮಾರುವ ಭಯ್ಯಾನಿಂದ ಒಂದು ಪದ, ಟಿವಿ ಧಾರಾವಾಹಿಯಿಂದ ಇನ್ನೊಂದು ಪದ ಬರುತ್ತಿತ್ತು. ದುರದೃಷ್ಟಕ್ಕೆ ಇವೇ ಎರಡು.

"ಮುತ್ತೈದೆ ಮನೆ ಮುಂದೆ ನಿಂತು ಬಳೆ ಸತ್ತಿತು ಅಂತಾನಲ್ಲ, ಇವನ ನಾಲಿಗೆ ಸೇದಿಹೋಗ," ಎಂದು ಮೇಲಿಂದಲೇ ಶುರು ಮಾಡಿದರು. ಅಂಕಲ್‌ಗೆ ಕನ್ನಡ ತಿಳಿಯದಿದ್ದರೂ ತಮಗೇ ಅನ್ನುತ್ತಿದ್ದಾರೆಂದು ತಿಳಿಯಿತು. ಕೈ ಮುಗಿದು, "ನಮಸ್ತೇ ಮಾತಾಜೀ," ಅಂದರು. ಅತ್ತೆ ಇನ್ನಷ್ಟು ಅಂದರು.

ಮೆಕ್ಯಾನಿಕ್ಕಿಗೆ ತೋರಿಸೋಣ ಎಂದು ಅಕ್ಕ ಹೇಳಿದ್ದಕ್ಕೆ ಭಾವನ ಮಾನ ಒಪ್ಪಲಿಲ್ಲ. ಕೊಳಾಯಿಗೆ ಸುತ್ತುವ ಬಿಳಿ ಟೇಪನ್ನು ಬೋಲ್ಟಿಗೆ ಸುತ್ತಿ, ತೂತಿಗೆ ತುರುಕಿ, ನೀರಿನ ಟ್ಯಾಂಕಿಗೆ ಮೆತ್ತುವ ಅಂಟನ್ನು ಮೇಲೆ ಮೆತ್ತಿದರು. ಹೊಸ ಆಯಿಲ್ ಸುರಿದರು. ಸೋರಲಿಲ್ಲ. ವಾರವಿಡೀ ಆಫೀಸಿಗೆ ಬಸ್ಸಿನಲ್ಲೇ ಹೋಗಿಬಂದು, ಸಂಜೆ ಕಾರಿನಡಿಗೆ ಬಗ್ಗಿ ನೋಡಿ, ಬೀಗುತ್ತ ಒಳಗೆ ಬರುತ್ತಿದ್ದರು.

ಮುಂದಿನ ಭಾನುವಾರ ಭಾವನ ಸೋದರಮಾವ ಚಾಣಕ್ಯಪುರಿಯ ಅತಿಥಿಗೃಹವೊಂದರಲ್ಲಿ ಇಳಿದಿದ್ದರು. ಅವರನ್ನು ಊಟಕ್ಕೆ ಕರೆತರಲು ಹೊರಟೆವು. ಅಕ್ಕ ರೇಷ್ಮೆ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಳು, ನಾನು ಮುಂದೆ. ಎಂಜಿನ್ ಕಾದಂತೆ ಅಂಟೂ ಕಾದು ಮೆತ್ತಗಾಗಿರಬೇಕು. ಪೋರ್ಟಿಕೋದಲ್ಲಿ, ಸಾಲಾಗಿ ನಿಂತ ಅಧಿಕಾರಿಗಳ ಕಾರುಗಳ ನಡುವೆ ನಮ್ಮದು ನಿಂತಿದ್ದೇ ತಡ, ಅಡಿಯಲ್ಲಿ ಬೋಲ್ಟ್ ಟಣ್ ಎಂದು ಬಿತ್ತು. ನಾವಿಬ್ಬರೂ ಇಳಿದು ನೋಡುವಷ್ಟರಲ್ಲಿ ತೊಳೆದು ಹೊಳೆಯುತ್ತಿದ್ದ ಕಲ್ಲಿನ ಮೇಲೆ ಆಯಿಲ್ ಆರಾಮಾಗಿ ಹರಡುತ್ತಿತ್ತು.

ಕಾವಲುಗಾರ ಓಡಿಬಂದ. "ಯೇ ಗಾಡಿ ಕಿಸ್ಕೀ ಹೈ?"

ಭಾವ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ನೋಡಿದರು, ಗಾಡಿ ಯಾರದೆಂಬ ಪ್ರಶ್ನೆ ತಮಗೂ ಇದ್ದವರಂತೆ. ಎರಡು ಹೆಜ್ಜೆ ಸರಿದು ಕುಂಡದಲ್ಲಿದ್ದ ಸೇವಂತಿಗೆ ಹೂವನ್ನು ಪರೀಕ್ಷಿಸತೊಡಗಿದರು.

ಹಿಂದಿನ ಕಿಟಕಿಯ ಗಾಜು ಮೆಲ್ಲಗೆ ಇಳಿಯಿತು. "ರೀ," ಅಂದಳು ಅಕ್ಕ, "ನಾನು ಇನ್ನೂ ಒಳಗೇ ಕೂತಿದೀನಿ."

ಪಕ್ಕದ ಕಾರುಗಳ ಡ್ರೈವರುಗಳು ನಕ್ಕ ನಗುವಿಗೆ ಪಾರಿವಾಳಗಳು ಹಾರಿದವು. ಅಕ್ಕ ಇಳಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಕಾವಲುಗಾರನಿಂದ ಮರಳು ತರಿಸಿ ಆಯಿಲ್ ಮೇಲೆ ಹಾಕಿಸಿದಳು. ನಕ್ಕ ಡ್ರೈವರುಗಳಲ್ಲೇ ಒಬ್ಬನನ್ನು ಆರಿಸಿ, ಅವನ ಕಾರಿಗೆ ನಮ್ಮದನ್ನು ಹಗ್ಗದಲ್ಲಿ ಕಟ್ಟಿಸಿದಳು. ಸೋದರಮಾವ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿ, "ನಾನು ಆಟೋದಲ್ಲೇ ಮನೆಗೆ ಹೋಗಿರ್ತೀನಿ, ನೀವು ಬನ್ನಿ," ಎಂದು ಜಾಣತನದಿಂದ ಹೊರಟುಹೋದರು.

ಹಗ್ಗದಲ್ಲಿ ಎಳೆಸಿಕೊಂಡು ಸೇರಿದ ಗ್ಯಾರೇಜಿನ ಮೆಕ್ಯಾನಿಕ್ ಮಹಾ ಶೋಕಿವಾಲ. ನಮ್ಮ ಕಾರಿನ ಕನ್ನಡಿಯಲ್ಲೇ ಕ್ರಾಪು ಬಾಚಿಕೊಂಡು ಆಮೇಲೆ ಅಡಿಗೆ ಹೋದ. ಟೇಪು, ಅಂಟು ಎಲ್ಲ ಕೆರೆದು ತೆಗೆದು, "ಯಾವ ಡಾಕ್ಟರ್ ಇದು ಮಾಡಿದ್ದು?" ಎಂದು ಹಿಂದಿಯಲ್ಲಿ ಕೇಳಿದ. ತೂತನ್ನು ತುಸು ದೊಡ್ಡದು ಮಾಡಿ ಹೊಸ ಥ್ರೆಡ್ ಕೊರೆದು ದಪ್ಪ ಬೋಲ್ಟ್ ಹಾಕಬೇಕು ಅಂದ. ಥ್ರೆಡ್ ಕೊರೆಯುವ ಉಪಕರಣಕ್ಕೆ, ಪುಡಿ ಒಳಗೆ ಬೀಳದಿರಲೆಂದು ಗ್ರೀಸ್ ಸವರಿದ. ಸ್ವಲ್ಪ ಮುಂದಕ್ಕೆ ತಿರುಗಿಸುವುದು, ಮತ್ತೆ ಚೂರು ಹಿಂದಕ್ಕೆ, ಹೊರಗೆ ತೆಗೆದು ಒರೆಸುವುದು. ನಡುನಡುವೆ ಹಾಡು. ಕೊನೆಗೆ ಒಂದಿಷ್ಟು ಆಯಿಲ್ ಸುರಿದು ಒಳಗನ್ನು ತೊಳೆದು, ಹೊಸ ಬೋಲ್ಟನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಸ್ಪ್ಯಾನರಿನಲ್ಲಿ ಸಣ್ಣದೊಂದು ಒತ್ತು ಕೊಟ್ಟು "ಬಸ್", ಸಾಕು, ಅಂದ.

"ಇನ್ನೊಂದು ಸ್ವಲ್ಪ..." ಎಂದು ಭಾವ ಬಗ್ಗಿದರು.

ಅಕ್ಕ ಅವರ ಅಂಗಿಯ ಕಾಲರು ಹಿಡಿದು ಎತ್ತಿ ನಿಲ್ಲಿಸಿದಳು. ಸಿಟ್ಟೇನೂ ಇರಲಿಲ್ಲ, ಒಲೆಯ ಮೇಲಿಂದ ಪಾತ್ರೆ ಎತ್ತಿಡುವಷ್ಟೇ ಸಹಜವಾಗಿತ್ತು. ಭಾವ ಕಾಲರು ಸರಿಮಾಡಿಕೊಂಡು ರಸ್ತೆ ನೋಡಿದರು. ಅವರ ಕಿವಿ ಕೆಂಪಾಗಿತ್ತು. ಆಗ ನನಗೆ ಅವರ ಮೇಲೆ ನಿಜವಾಗಿಯೂ ಪ್ರೀತಿ ಬಂತು.

ಆ ಬೋಲ್ಟ್ ಕಾರನ್ನು ಮಾರುವವರೆಗೂ ಒಂದು ಹನಿ ಬಿಡಲಿಲ್ಲ. ಅಕ್ಕ ಮರುವಾರವೇ ಡ್ರೈವಿಂಗ್ ಕಲಿಯಲು ಸೇರಿದಳು. "ಹಿಂದಿನ ಸೀಟಲ್ಲಿ ಸುಮ್ನೆ ಕೂತಿರೋದು ಇನ್ನು ಸಾಕು ಕಣೇ," ಅಂದಳು ನನಗೆ. ಬೇಸಿಗೆ ಬರುವಷ್ಟರಲ್ಲಿ ನನ್ನ ಗೆಳತಿಯ ಮದುವೆಗೆಂದು ನನ್ನನ್ನು ಕೂರಿಸಿಕೊಂಡು ದೆಹಲಿಯ ಇನ್ನೊಂದು ತುದಿಯ ರೋಹಿಣಿಯವರೆಗೆ ತಾನೇ ಕಾರು ಓಡಿಸಿದಳು. ರಿಂಗ್ ರೋಡಿನಲ್ಲಿ ಬಸ್ಸೊಂದು ಮೈಮೇಲೇ ಬಂದು, ಡ್ರೈವರ್ ತಲೆ ಹೊರಹಾಕಿ ಏನೋ ಬೈದ. ಅಕ್ಕ ಗಾಜು ಇಳಿಸಿ, ಶುದ್ಧ ಕನ್ನಡದಲ್ಲಿ, ನಾನಿಲ್ಲಿ ಬರೆಯಲಾಗದ ಒಂದು ಮಾತು ಹೇಳಿದಳು. ಅವನು ಅರ್ಥವಾದವನಂತೆ ದಾರಿ ಬಿಟ್ಟ.