ಪೆನ್ಸಿಲ್ಲಿನ ಮೂರು ಗೆರೆ

ಒಂದು ರೂಪಾಯಿಯ ರಬ್ಬರ್ ನನಗೆ ಮೊನ್ನೆ ಹನ್ನೆರಡೂವರೆ ಸಾವಿರಕ್ಕೆ ಬಿತ್ತು.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಹೇಳಿದ ಬೆಲೆಗೆ ನಾನು ಕೊತ್ತಂಬರಿ ಸೊಪ್ಪನ್ನೂ ಕೊಂಡವನಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡುವುದು ಹೇಗೆ, ಸೈಟಿನ ಪತ್ರ ಓದುವುದು ಹೇಗೆ, ಛತ್ರದವರ ಹತ್ತಿರ ಬಾಡಿಗೆ ಇಳಿಸುವುದು ಹೇಗೆ ಎಂದು ಈ ಜಾಗದಲ್ಲಿ ವಾರವಾರ ನಿಮ್ಮ ತಲೆ ತಿನ್ನುವ ಮನುಷ್ಯ ನಾನು. ರಬ್ಬರಿಗೆ ಇಷ್ಟು ತೆತ್ತೆ ಎಂದರೆ ಅದರ ಹಿಂದೆ ಏನೋ ಇರಲೇಬೇಕಲ್ಲವೇ?

ಇದೆ. ಕೇಳಿ.

ಕೆಸರೆಯಲ್ಲಿ ನನ್ನದೊಂದು ಯಾರ್ಡ್ ಇರುವುದು ಹಳೆಯ ಓದುಗರಿಗೆ ಗೊತ್ತು. ಹಳೇ ಮನೆ ಕೆಡವಿಸಿ ಅದರ ಬಾಗಿಲು, ಕಿಟಕಿ, ಕಂಬ, ತೊಲೆ ಮಾರುವುದು ಕಸುಬು. ಕಡಕೊಳದ ಪಕ್ಕದ ಹಳ್ಳಿಯಿಂದ ಬರಿಗೈಯಲ್ಲಿ ಬಂದವನು, ಬಾಯಿಂದಲೇ ಬದುಕಿದೆ. ಒಂದು ವರ್ಷ ದೊಡ್ಡ ಬಂಗಲೆಯೊಂದನ್ನು ಕೆಡವಲು ಹಿಡಿದು ಪೂರ್ತಿ ಮುಳುಗಿದ್ದೆ. ಆಗ ಮಗ ಮಂಜುವಿನ ಸ್ಕೂಲಿಗೆ ಹೋಗಿ, ಮೇಡಂ ಎದುರು ಅರ್ಧ ಗಂಟೆ ಮಾತಾಡಿ, ಇಡೀ ವರ್ಷದ ಫೀಸು ಬಿಡಿಸಿಕೊಂಡು ಬಂದಿದ್ದೆ. ನನ್ನ ಜೀವಮಾನದ ಅತಿ ದೊಡ್ಡ ಚೌಕಾಸಿ ಅದೇ ಎಂದು ಹೆಂಡತಿಗೆ ಎಷ್ಟೋ ಸಲ ಹೇಳಿದ್ದೇನೆ. (ಈ ಮಾತು ನೆನಪಿರಲಿ.)

ಆ ಸ್ಕೂಲು ವಿಜಯನಗರದ್ದು. ನಡೆಸುತ್ತಿದ್ದವರು ಗಿರಿಜಮ್ಮ ಮೇಡಂ. ತೊಂಬತ್ತರ ಸುಮಾರಿಗೆ, ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದಾಗ, ತಮ್ಮ ಮನೆಯ ಗ್ಯಾರೇಜಿನಲ್ಲಿ ಹದಿನಾರು ಮಕ್ಕಳಿಂದ ಶುರು ಮಾಡಿದ್ದರು. ಹದಿನೈದು ವರ್ಷದಲ್ಲಿ ಅದು ಹತ್ತನೇ ಕ್ಲಾಸಿನವರೆಗೆ ಬೆಳೆಯಿತು. ಆದರೆ ಮೇಡಂ ಮಂಡಿ ಕೈಕೊಟ್ಟಿತು. ಟೀಚರುಗಳ ಸಂಬಳ ಏರಿತು. ಆಟದ ಬಯಲು, ಹಳದಿ ಬಸ್ಸು ಎಲ್ಲ ಇದ್ದ ಹೊಸ ಸ್ಕೂಲುಗಳು ರಿಂಗ್ ರೋಡಿನವರೆಗೂ ಬಂದವು. ಅಷ್ಟರಲ್ಲಿ, ಕಳೆದ ಬೇಸಿಗೆಯಲ್ಲಿ, ಒಂದು ಕಂಪನಿ ಬಾಗಿಲಿಗೆ ಬಂತು.

"ಗೌಡ್ರೇ, ನನಗೆ ವ್ಯಾಪಾರ ಬರೋಲ್ಲ. ನೀವು ಸ್ವಲ್ಪ ಕೂತು ಮಾತಾಡಿಕೊಡಿ" ಎಂದು ಮೇಡಂ ಹೇಳಿ ಕಳಿಸಿದರು.

ಇಂಥ ಕರೆ ಬಂದರೆ ನಾನು ಚಪ್ಪಲಿ ಹುಡುಕುವಷ್ಟೂ ತಡಮಾಡುವವನಲ್ಲ.

ಟ್ರಸ್ಟು, ಕಟ್ಟಡ, ಮಕ್ಕಳು ಎಲ್ಲ ಸೇರಿಸಿ ಮಾತು. (ಕಾಗದದಲ್ಲಿ ಇದಕ್ಕೆ ಮಾರಾಟ ಎನ್ನುವುದಿಲ್ಲ, ಆಡಳಿತ ಹಸ್ತಾಂತರ ಎನ್ನುತ್ತಾರೆ. ಚೆಕ್ಕಿಗೆ ಮಾತ್ರ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.) ಕಂಪನಿಯವರು ಕೇಳಿದ್ದು ಒಂದೇ: ಪೂರ್ತಿ ಫೀಸು ಕೊಡುವ ಮಕ್ಕಳು ಎಷ್ಟು? ಬೆಲೆ ನಿಲ್ಲುವುದು ಅದರ ಮೇಲೆ.

ಮಾತುಕತೆಯ ಹಿಂದಿನ ದಿನ ಮೇಡಂ ಜೊತೆ ಬರುವ ವರ್ಷದ ಮಕ್ಕಳ ರಿಜಿಸ್ಟರ್ ತಿರುವಿ ಹಾಕುತ್ತಿದ್ದೆ. ಪ್ರತಿ ಕ್ಲಾಸಿನ ಪುಟದಲ್ಲೂ ಒಂದೊಂದು ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ ಮೂರು ಅಡ್ಡಗೆರೆ. ಹಣೆಯ ವಿಭೂತಿಯ ಹಾಗೆ, ಸಣ್ಣದಾಗಿ.

"ಏನಿದು ಮೇಡಂ?"

"ಅವರನ್ನ ಫೀಸು ಕೇಳಬಾರದು ಅಂತ. ನಮ್ಮಪ್ಪ ಮಠದಲ್ಲಿ ಊಟ ಮಾಡ್ಕೊಂಡು ಓದಿದವರು. ಅಲ್ಲಿ ಅವರಿಗೆ ಯಾರೂ ಬಿಲ್ಲು ಕೊಡಲಿಲ್ಲವಲ್ಲ. ಅದಕ್ಕೇ ಕ್ಲಾಸಿಗೆ ಒಂದು ಮಗು."

"ಮನೆಯವರಿಗೆ ಗೊತ್ತಾ?"

"ಯಾಕೆ ಗೊತ್ತಾಗಬೇಕು? ಗೊತ್ತಾದರೆ ಮಗು ತಲೆ ತಗ್ಗಿಸಿಕೊಂಡು ಕೂರುತ್ತೆ. ಗುಮಾಸ್ತರಿಗೆ ಗೊತ್ತಿದ್ದರೆ ಸಾಕು."

ನನ್ನ ತಲೆ ಆಗ ಎಲ್ಲಿ ಓಡುತ್ತಿತ್ತು ಗೊತ್ತೇ? ಹತ್ತು ಮಕ್ಕಳು ಫ್ರೀ ಎಂದರೆ ಕೊಳ್ಳುವವರು ಹತ್ತನ್ನು ಕಳೆದು ಬೆಲೆ ಹಾಕುತ್ತಾರೆ. ಅದೇ ನೆಪದಲ್ಲಿ ಇನ್ನಷ್ಟು ಇಳಿಸುತ್ತಾರೆ. ನಾನಾದರೂ ಹಾಗೇ ಮಾಡುತ್ತಿದ್ದೆ. ಬಾಗಿಲು ಮಾರುವ ಮುಂಚೆ ಹಳೇ ಮೊಳೆಯ ತೂತಿಗೆ ಮೇಣ ತುಂಬಿ ಪಾಲಿಶ್ ಹೊಡೆಸುವುದು ನಮ್ಮ ಲೈನಿನಲ್ಲಿ ಮಾಮೂಲು.

"ಮೇಡಂ, ಇದನ್ನ ಅಳಿಸಿಬಿಡೋಣ. ಆಮೇಲೆ ಅವರಿಗೆ ನಾನು ಬಾಯಲ್ಲಿ ಹೇಳ್ತೀನಿ, ಒಪ್ಪಿಸ್ತೀನಿ. ನನಗೆ ಬಿಡಿ."

ಮೇಡಂ ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು. "ಮರೀಬೇಡಿ ಮತ್ತೆ" ಅಂದರು. ಟೀಚರ್ ಟೇಬಲ್ಲಿನ ಡ್ರಾಯರಿನಲ್ಲಿ ರಬ್ಬರ್ ಇತ್ತು. ನಾನೇ ಉಜ್ಜಿದೆ. ಹತ್ತು ಪುಟ. ಪುಡಿಯನ್ನು ಊದಿದೆ.

ಮಾರನೇ ದಿನ ರಿಜಿಸ್ಟರನ್ನು ಟೇಬಲ್ ಮೇಲಿಟ್ಟು, "ನೋಡ್ಕೊಳ್ಳಿ, ಒಂದು ಮಗೂನೂ ಫ್ರೀ ಇಲ್ಲ" ಎಂದೆ. ನಾನು ಅಂದುಕೊಂಡದ್ದಕ್ಕಿಂತ ಒಳ್ಳೆಯ ಬೆಲೆಯೇ ಬಂತು. ಸಹಿ ಆಯಿತು. ಎಲ್ಲರೂ ಹೋಟೆಲ್ಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಕಾಫಿ ಕುಡಿಯುವಾಗ ಹೇಳೋಣ ಎಂದುಕೊಂಡಿದ್ದೆ.

ಮರೆತೆ.

ಜೂನಿನಲ್ಲಿ ಸ್ಕೂಲು ಹೊಸ ವೇಷದಲ್ಲಿ ತೆರೆಯಿತು. ಕಂಪನಿ ಬಂದರೆ ಎಲ್ಲ ಹಾಳು ಎಂದು ಬರೆಯುವುದು ಸುಲಭ. ನಾನು ಹಾಗೆ ಬರೆಯುವುದಿಲ್ಲ. ಟಾಯ್ಲೆಟ್ಟಿಗೆ ಟೈಲ್ಸ್ ಬಂತು. ಕುಡಿಯುವ ನೀರಿಗೆ ಫಿಲ್ಟರ್ ಬಂತು. ಟೀಚರುಗಳಿಗೆ ತಿಂಗಳ ಕೊನೆಯ ದಿನವೇ ಸಂಬಳ ಬ್ಯಾಂಕಿಗೆ ಬೀಳತೊಡಗಿತು. ಮಕ್ಕಳಿಗೆ ಟೈ ಬಂತು, ಗೇಟಿಗೆ ಸೆಕ್ಯುರಿಟಿ ಬಂದ. ಮಧ್ಯಾಹ್ನ ಬಿಸಿ ಊಟದ ಡಬ್ಬಿ ಹಿಡಿದು ಬರುತ್ತಿದ್ದ ಅಜ್ಜಿಯರು ವಿಸಿಟರ್ಸ್ ಬುಕ್ಕಿನಲ್ಲಿ ಬಂದ ಉದ್ದೇಶ ಬರೆಯಬೇಕಾಯಿತು. ಒಬ್ಬ ಅಜ್ಜಿ 'ಚಿತ್ರಾನ್ನ' ಎಂದು ಬರೆದರಂತೆ. ಹಳೇ ಗುಮಾಸ್ತರು ರಿಟೈರ್ ಆದರು. ಅವರ ಜಾಗದಲ್ಲಿ ಕಂಪ್ಯೂಟರ್ ಕೂತಿತು.

ಇನ್ನು ಕಳೆದ ವಾರಕ್ಕೆ ಬರುತ್ತೇನೆ.

ಪುಟ್ಟಮ್ಮ ಯಾರ್ಡಿಗೆ ಬಂದಳು. ಅದೇ ಸ್ಕೂಲಿನ ಆಯಾ, ಮನೆ ಕೆಸರೆಯಲ್ಲೇ. ನನ್ನ ಮಗ ಎಲ್‌ಕೆಜಿಯಲ್ಲಿ ಅತ್ತರೆ ಮೂಗು ಒರೆಸುತ್ತಿದ್ದವಳು.

"ಗೌಡ್ರೆ, ಒಂದು ಬಾಗ್ಲು ಐತೆ. ತಕ್ಕೋತೀರಾ?"

"ಯಾವ ಮರ?"

"ಅಲಸು. ನಮ್ಮವ್ವನ ಮನೇದು. ಅಣ್ಣ ಒಸ ಮನೆ ಕಟ್ದಾಗ ನಂಗೆ ಕೊಟ್ಟ. ನಾನೂ ಒಂದಿನ ಮನೆ ಕಟ್ಟುದ್ರೆ ಆಕುಸ್ಕೊಳವಾ ಅಂತ ಮಡಗಿದ್ದೆ."

ಹೋಗಿ ನೋಡಿದೆ. ಒಳಗಿನ ಗೋಡೆಗೆ ಒರಗಿಸಿ, ಸೀರೆ ಹೊದಿಸಿ ಇಟ್ಟಿದ್ದಳು. ಹಳದಿ ಹೊಳಪಿನ ಹಲಸು, ಅಂಚಿಗೆ ಬಳ್ಳಿ ಕೆತ್ತನೆ, ಹಿತ್ತಾಳೆ ಬಳೆ. ಬೆರಳ ಗೆಣ್ಣಿನಿಂದ ತಟ್ಟಿದೆ, ಗಟ್ಟಿ ಸದ್ದು. ಹೊಸ ಮನೆಗಳಿಗೆ ಹಳೇ ಬಾಗಿಲು ಹುಡುಕಿಕೊಂಡು ಬರುವವರು ಹದಿನೈದು ಸಾವಿರಕ್ಕೆ ಕಣ್ಣು ಮುಚ್ಚಿ ಒಯ್ಯುತ್ತಾರೆ.

"ಕೆಳಗೆ ಗೆದ್ದಲು ಹಿಡಿದಂಗಿದೆ ಕಣಮ್ಮ. ಮೂರು ಸಾವಿರ" ಎಂದೆ. ಅಭ್ಯಾಸಬಲ. ಅವಳು ಎಂಟು ಎನ್ನಬೇಕು, ನಾನು ನಾಲ್ಕು ಎನ್ನಬೇಕು. ಆಟ ಅಲ್ಲಿಂದ ಶುರು.

"ಆಯ್ತು ಬುಡಿ. ಈಗ್ಲೇ ಕೊಡ್ತೀರಾ?"

ಮೂವತ್ತು ವರ್ಷದ ಅನುಭವದಿಂದ ಹೇಳುತ್ತೇನೆ. ಮೊದಲ ಬೆಲೆಗೇ ಒಪ್ಪುವವರು ಮೋಸ ಹೋಗುತ್ತಿರುವುದಿಲ್ಲ, ಕಷ್ಟದಲ್ಲಿರುತ್ತಾರೆ.

"ಏನಾಯ್ತು ಪುಟ್ಟಮ್ಮ?"

"ನಮ್ಮ ಸವಿತಂದು ಈ ಸಲ ಎಸ್ಸೆಲ್ಸಿ ಅಲ್ವಾ. ಪರೀಕ್ಸೆಗೆ ಎಸ್ರು ಓಗ್ಬೇಕಂತೆ, ಸನಿವಾರ ಕಡೇ ದಿನ. ಫೀಸು ಕಟ್ಟದಿದ್ರೆ ಕಳ್ಸಕ್ಕಾಗಲ್ಲ ಅಂದ್ಬುಟ್ರು. ಮೇಡಂ ಕಾಲ್ದಲ್ಲಿ ಯಾರೂ ಕೇಳ್ತಿರ್ನಿಲ್ಲ. ಈಗ ಕಂಪೂಟ್ರು ಕೇಳ್ತದೆ."

"ಮೊದಲೇ ಮೇಡಂಗೆ ಹೇಳಬಾರದಿತ್ತಾ?"

"ಏನಂತ ಏಳ್ಲಿ? ಅವ್ರು ಯಾಕೆ ಕೇಳ್ತಿರ್ನಿಲ್ಲ ಅಂತ್ಲೇ ನಂಗೊತ್ತಿಲ್ಲ. ಇಚಾರ್ಸುದ್ರೆ ಎಲ್ಲಿ ಕಟ್ಟು ಅಂದ್ಬುಟ್ಟಾರೋ ಅಂತ ಸುಮ್ಕಿದ್ದೆ."

ರಬ್ಬರ್ ಪುಡಿ ಊದಿದ್ದು ನೆನಪಾಯಿತು. ಬಾಗಿಲಿಗೆ ಸೀರೆ ಮತ್ತೆ ಹೊದಿಸಿ, ಸೀದಾ ಸ್ಕೂಲಿಗೆ ಹೋದೆ. ಗೇಟಿನ ಪುಸ್ತಕದಲ್ಲಿ ಉದ್ದೇಶ ಎಂಬ ಕಡೆ ಏನು ಬರೆಯುವುದೆಂದು ತಿಳಿಯಲಿಲ್ಲ. ಖಾಲಿ ಬಿಟ್ಟೆ.

ಕಂಪನಿಯ ಮ್ಯಾನೇಜರ್ ಶ್ರೀನಿಧಿ, ಅಂದು ಮಾತುಕತೆಗೆ ಕೂತಿದ್ದ ಹುಡುಗನೇ. ಟೀ ತರಿಸಿದ. ಎಲ್ಲ ಹೇಳಿದೆ, ರಬ್ಬರ್ ಸಮೇತ. ಪೂರ್ತಿ ಕೇಳಿಸಿಕೊಂಡ.

"ಸರ್, ನೀವೇ ಹೇಳಿದ್ರಿ, ಒಂದು ಮಗೂನೂ ಫ್ರೀ ಇಲ್ಲ ಅಂತ. ಅದರ ಮೇಲೇ ನಾವು ರೇಟ್ ಹಾಕಿದ್ದು. ಈಗ ಹೆಡ್ಡಾಫೀಸಿಗೆ ಏನಂತ ಬರೀಲಿ? ಪೆನ್ಸಿಲಲ್ಲಿ ಗೆರೆ ಇತ್ತು, ಅಳಿಸಿಬಿಟ್ರು ಅಂತಲಾ?"

ವ್ಯಾಪಾರದಲ್ಲಿ ಎದುರಿನವನ ಮಾತು ಸರಿ ಇದ್ದಾಗ ಏನು ಮಾಡಬೇಕೆಂದು ನಾನು ಕಲಿತೇ ಇರಲಿಲ್ಲ.

"ಅಂದು ಒಂದು ಮಾತು ಹೇಳಿದ್ದಿದ್ರೆ?" ಎಂದು ಕೇಳಿದೆ.

"ಅಗ್ರಿಮೆಂಟಲ್ಲಿ ಒಂದು ಲೈನ್ ಹಾಕಿರ್ತಿದ್ವಿ ಸರ್. ಹತ್ತು ಮಕ್ಕಳು ತಾನೇ?" ಸ್ಕ್ರೀನ್ ನೋಡಿ ದನಿ ತಗ್ಗಿಸಿದ. "ಜೂನ್ ಜುಲೈನಲ್ಲಿ ಕೆಲವರು ಫೀಸು ಕಟ್ಟದೆ ಟೀಸಿ ತಗೊಂಡು ಹೋಗಿದ್ದಾರೆ. ಯಾಕೆ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ."

ಸವಿತಾಳದು ಹದಿನಾಲ್ಕು ಸಾವಿರ. ಹತ್ತನೇ ಕ್ಲಾಸಿಗೆ ಡ್ಯಾನ್ಸೂ ಇಲ್ಲ, ಕರಾಟೆಯೂ ಇಲ್ಲ, ಆಕ್ಟಿವಿಟಿ ಫೀ ಯಾಕೆ ಎಂದು ಒಂದೂವರೆ ಸಾವಿರ ಇಳಿಸಿ ಕಟ್ಟಿದೆ. (ತಪ್ಪುಕಾಣಿಕೆಯಲ್ಲೂ ಚೌಕಾಸಿಯಾ ಎಂದು ಹೆಂಡತಿ ಕೇಳಿದಳು. ಹುಟ್ಟುಗುಣ ಕಣೇ, ಎಂದೆ.) ಹೆಸರು ಹೋಗುವುದನ್ನು ಕಣ್ಣಾರೆ ನೋಡಿ, ಅಲ್ಲಿಂದ ಮೇಡಂ ಮನೆಗೆ ನಡೆದೆ.

ಮೇಡಂ ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ತಪ್ಪೊಪ್ಪಿಕೊಂಡೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಪೆನ್ನು ಇದೆಯಾ? ಬರ್ಕೊಳ್ಳಿ" ಎಂದರು. ಒಂದನೇ ಕ್ಲಾಸಿನಿಂದ ಶುರು ಮಾಡಿ ಹತ್ತೂ ಹೆಸರು, ತಂದೆಯ ಕೆಲಸ, ಮನೆಯ ಗುರುತು, ಅವರೆಕಾಯಿ ಬಿಡಿಸುತ್ತಲೇ ಹೇಳಿದರು. ನಾನು ಅಳಿಸಿದ್ದು ರಿಜಿಸ್ಟರಿನಲ್ಲಿ ಮಾತ್ರ.

ಕೊನೆಗೆ ನನ್ನ ಮುಖ ನೋಡಿ ನಕ್ಕರು. "ನಿಮ್ಮ ಮಂಜುನೂ ಒಂದು ವರ್ಷ ಗೆರೇಲಿದ್ದ, ಗೊತ್ತಾ?"

"ಅದು ನಾನು ಮಾತಾಡಿ ಬಿಡಿಸ್ಕೊಂಡಿದ್ದಲ್ವಾ ಮೇಡಂ?"

"ನೀವು ಬರೋಕೆ ಎರಡು ದಿನ ಮುಂಚೇನೇ ಹಾಕಿದ್ದೆ ಕಣ್ರೀ. ಮಾತು ಚೆನ್ನಾಗಿ ಆಡ್ತಿದ್ರಿ, ಅದಕ್ಕೇ ಕೂತು ಕೇಳಿದೆ."

ನನ್ನ ಅತಿ ದೊಡ್ಡ ಚೌಕಾಸಿ ಇಷ್ಟು. ನಾಲ್ಕು ಅವರೆಕಾಯಿ ಕೈಗೆತ್ತಿಕೊಂಡು ನಾನೂ ಬಿಡಿಸತೊಡಗಿದೆ.

ಪಟ್ಟಿ ಹಿಡಿದು ಈ ವಾರವೆಲ್ಲ ಮನೆ ಮನೆ ಸುತ್ತಿದ್ದೇನೆ. ನಾಲ್ಕು ಮಕ್ಕಳು ಬಿಟ್ಟು ಹೋಗಿದ್ದಾರೆ. ಮೂವರು ಬೇರೆ ಸ್ಕೂಲುಗಳಲ್ಲಿ ಓದುತ್ತಿದ್ದಾರೆ. ಒಬ್ಬಳು, ಎಂಟನೇ ಕ್ಲಾಸಿನವಳು, ಮನೆಯಲ್ಲಿ ಅಮ್ಮನ ಜೊತೆ ಊದುಬತ್ತಿ ಹೊಸೆಯುತ್ತಿದ್ದಳು. ಸ್ಕೂಲಿಗೆ ವಾಪಸ್ ಬರುತ್ತೀಯಾ ಎಂದರೆ ತಾಯಿಯ ಮುಖ ನೋಡಿದಳು. ತಾಯಿ, "ಮೇಡಂ ಇದ್ದಾರಾ?" ಎಂದು ಕೇಳಿದರು. ಈ ಹತ್ತು ಹೆಸರಿಗೆ ಫೀಸು ಬಿಡಬೇಕೆಂದು ಶ್ರೀನಿಧಿ ಹೆಡ್ಡಾಫೀಸಿಗೆ ಬರೆದಿದ್ದಾನೆ, ಜೊತೆಗೆ ನನ್ನದೊಂದು ಸಹಿ ಮಾಡಿದ ಪತ್ರ ಇಟ್ಟಿದ್ದೇನೆ, ರಬ್ಬರಿನ ವಿಷಯವನ್ನೂ ಸೇರಿಸಿ. ಇನ್ನೂ ಉತ್ತರ ಬಂದಿಲ್ಲ. ಪುಟ್ಟಮ್ಮನ ಬಾಗಿಲು ಅವಳ ಮನೆಯಲ್ಲೇ ಇದೆ. ಗೆದ್ದಲು ಇಲ್ಲ ಎಂದೂ ಹೇಳಿ ಬಂದಿದ್ದೇನೆ.

ಇನ್ನು ನಿಮಗೆ ಒಂದು ಬುದ್ಧಿಮಾತು. ಸ್ಕೂಲಾಗಲಿ, ನರ್ಸಿಂಗ್ ಹೋಮಾಗಲಿ, ಮೂಲೆಯ ದಿನಸಿ ಅಂಗಡಿಯಾಗಲಿ, ದೊಡ್ಡವರಿಗೆ ವಹಿಸಿಕೊಡುವ ಹೊತ್ತು ಬಂದರೆ ಒಳ್ಳೆಯ ಬೆಲೆ ಕೇಳಿ, ತಪ್ಪಿಲ್ಲ. ಆದರೆ ಸಹಿಗೆ ಮುಂಚೆ ಒಂದು ಸಂಜೆ ಕೂತು, ಯಾರನ್ನು ಯಾವುದಕ್ಕೆ ಕೇಳದೆ ಬಿಡುತ್ತಿದ್ದಿರಿ ಎಂದು ನೆನಪು ಮಾಡಿಕೊಂಡು ಹೆಸರು ಸಮೇತ ಅಗ್ರಿಮೆಂಟಿಗೆ ಸೇರಿಸಿ. ಅದಕ್ಕೆ ನಾಲ್ಕು ಕಾಸು ಕಡಿಮೆ ಬಂದರೆ ಬರಲಿ. ಪೆನ್ನಿನಲ್ಲಿ ಬರೆದದ್ದನ್ನು ಕೊಳ್ಳುವವರೇ ಓದಿಕೊಳ್ಳುತ್ತಾರೆ, ಪೆನ್ಸಿಲ್ಲಿನದನ್ನು ನೀವೇ ಓದಿ ಹೇಳಬೇಕು.

ಮತ್ತೆ, ಮಾತುಕತೆಗೆ ನನ್ನಂಥವನನ್ನು ಕರೆದುಕೊಂಡು ಹೋಗುವುದಾದರೆ, ಮೊದಲು ಅವನ ಜೇಬಿನಲ್ಲಿ ರಬ್ಬರ್ ಇದೆಯೇ ನೋಡಿ.